ಸಿನಾಪ್ಸ್‌ಗೆ ನರಸಂಧಿಯೋ, ನರಸಂದೋ?

ಗೆಳೆಯರೇ, ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಜಾಗವಾದ ಸಿನಾಪ್ಸ್‌ಗೆ ಕನ್ನಡದಲ್ಲಿ 'ನರಸಂಧಿ' ಅಂತ ಬರೆಯುವುದನ್ನು ನೋಡುತ್ತಿರುತ್ತೇನೆ. ನನಗೇಕೋ ಅದು ಪೂರ್ತಿ ಹಿಡಿಸುತ್ತಿಲ್ಲ. ಸಂಧಿ ಅಂದ ಕೂಡಲೇ ಓದುವವರಿಗೆ ನೆನಪಾಗುವುದು ಲೋಪಸಂಧಿ, ಆಗಮಸಂಧಿ. ಅಂದರೆ ಎರಡು ಸೇರಿ ನಡುವೆ ಜಾಗವೇ ಉಳಿಯದಿರುವುದು. ಇಲ್ಲಿ ಹಾಗಲ್ಲ, ಅಲ್ವಾ? ಹೆಚ್ಚಿನ ಸಿನಾಪ್ಸ್‌ಗಳಲ್ಲಿ ಎರಡು ನರಕೋಶಗಳ ನಡುವೆ ಸುಮಾರು 20 ನ್ಯಾನೋಮೀಟರ್ ಜಾಗ ಇದ್ದೇ ಇರುತ್ತದೆ.

ಕೆಲಸವೆಲ್ಲ ನಡೆಯುವುದು ಅಲ್ಲೇ. ವಿದ್ಯುತ್ತಾಗಿ ಓಡಿಬಂದ ಸಂಕೇತ ನರತುದಿಗೆ ತಲುಪಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಲ್ಲಿ ಸಿದ್ಧವಾಗಿ ನಿಂತಿರುವ ಪುಟ್ಟ ಚೀಲಗಳು ಪೊರೆಯೊಂದಿಗೆ ಬೆರೆತು ಒಳಗಿನ ರಾಸಾಯನಿಕವನ್ನು ಹೊರಗೆ ಚೆಲ್ಲುತ್ತವೆ, ಅದು ಆಚೆ ಕೋಶದ ಗ್ರಾಹಕಗಳಿಗೆ ಹೋಗಿ ಅಂಟುತ್ತದೆ. ಆ ರಾಸಾಯನಿಕ ಗ್ಲುಟಮೇಟ್ ಆದರೆ ಸಾಮಾನ್ಯವಾಗಿ ಆಚೆ ಕೋಶವನ್ನು ಕೆರಳಿಸುತ್ತದೆ, ಗಾಬಾ ಆದರೆ ತಡೆಯುತ್ತದೆ. ಕೆಲಸ ಮುಗಿದ ಮೇಲೆ ಅದು ಅಲ್ಲೇ ಉಳಿಯುವ ಹಾಗಿಲ್ಲ. ಅಸಿಟೈಲ್‌ಕೋಲಿನ್ ಆದರೆ ಕಿಣ್ವವೊಂದು ಒಡೆದು ಹಾಕುತ್ತದೆ.

ಈ ರಾಸಾಯನಿಕದ ಪಾತ್ರವನ್ನು ತೋರಿಸಿಕೊಟ್ಟವರು ವಿಜ್ಞಾನಿ ಓಟ್ಟೋ ಲೋವಿ, 1921ರಲ್ಲಿ. ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಪ್ರಚೋದಿಸಿದರು, ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ, ಅದರ ಬಡಿತವೂ ನಿಧಾನ! ಆ ಎರಡನೆಯ ಹೃದಯದ ನರವನ್ನು ಮುಟ್ಟಿರಲೇ ಇಲ್ಲ. ಎಷ್ಟು ಸರಳ, ಎಷ್ಟು ಚೆಂದದ ಪ್ರಯೋಗ.

ನರಸಂಧಿಯ ಪರವಾಗಿಯೂ ಒಂದು ಮಾತಿದೆ. 1897ರಲ್ಲಿ ನರವಿಜ್ಞಾನಿ ಶೆರಿಂಗ್ಟನ್ ಬಳಕೆಗೆ ತಂದ ಮೂಲ ಪದದ ಗ್ರೀಕ್ ಅರ್ಥವೂ ಒಂದನ್ನೊಂದು ಹಿಡಿದುಕೊಳ್ಳುವುದೇ. ಆದರೆ ನಡುವಿನ ಜಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಂಡದ್ದು 1950ರ ದಶಕದಲ್ಲಿ. ಅದು ಗೊತ್ತಿದ್ದೂ ನಾವು ಹಳೆಯ ಅರ್ಥಕ್ಕೇ ಜೋತುಬೀಳಬೇಕಾ?

ಅದಕ್ಕೇ 'ನರಸಂದು' ಅನ್ನಬಹುದೇ ಅಂತ ಕೇಳುತ್ತಿದ್ದೇನೆ. ಸಂದು ಅನ್ನುವುದು ಸಂಧಿಯ ತದ್ಭವವೇ ಆದರೂ ಬಳಕೆಯಲ್ಲಿ ಎರಡೂ ಅರ್ಥ ಕೊಡುತ್ತದೆ. ಮೂಳೆಯ ಸಂದು ಅಂದರೆ ಕೂಡುವ ಜಾಗ, ಬಾಗಿಲ ಸಂದು ಅಂದರೆ ಕಿರಿದಾದ ತೆರಪು. ಸಿನಾಪ್ಸ್‌ಗೆ ಎರಡೂ ಬೇಕು.

ತೊಡಕು ಒಂದೇ. ಸಿನಾಪ್ಸ್ ಅಂದರೆ ಈಚೆ ತುದಿ, ನಡುವಿನ ಜಾಗ, ಆಚೆ ಪೊರೆ ಮೂರೂ ಸೇರಿ. ಒಟ್ಟಿಗೆ ನರಸಂದು ಅಂದುಬಿಟ್ಟರೆ ಬರೀ ನಡುವಿನ ಜಾಗಕ್ಕೆ ಏನನ್ನೋಣ? ಸೀಳು, ಬಿರುಕು ಅಂದರೆ ಏನೋ ಹಾಳಾಗಿದೆ ಅನ್ನಿಸುತ್ತದೆ. 'ತೆರಪು' ನಡೆಯುತ್ತದಾ? ಪಾಠ ಮಾಡುವವರು, ವೈದ್ಯರು ಯಾರಾದರೂ ಇದ್ದರೆ ನೀವು ಏನಂತ ಹೇಳುತ್ತೀರಿ ದಯವಿಟ್ಟು ತಿಳಿಸಿ.