ಅಪ್‌ಡೇಟ್: ಕಾಗೋಡು ಉಪನ್ಯಾಸ ಕೊನೆಗೂ ನಡೆಯಿತು

ಹೊರಗಿನವರನ್ನು ಕ್ಯಾಂಪಸ್‌ಗೆ ಕರೆಸಿ ಮಾತಾಡಿಸಲು ನಿಯಮ ಏನು ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. 1951ರ ಕಾಗೋಡು ಸತ್ಯಾಗ್ರಹದ (ಗೇಣಿ ರೈತರು ಭೂಮಾಲೀಕರ ವಿರುದ್ಧ ನಡೆಸಿದ ಹೋರಾಟ) ಬಗ್ಗೆ ಮಾತಾಡಲು ಸಾಗರದ ಕಡೆಯ ಹಿರಿಯ ರೈತರೊಬ್ಬರನ್ನು ನಮ್ಮ ವಿದ್ಯಾರ್ಥಿ ಬಳಗ ಕರೆದಿತ್ತು. 'ಇದು ರಾಜಕೀಯ' ಅಂತ ಕಚೇರಿಯವರು ಅರ್ಜಿ ವಾಪಸ್ ಕಳಿಸಿದ್ದರು.

ನೀವು ಹೇಳಿದ ಹಾಗೆ ನಿಯಮದ ಪ್ರತಿ ಕೇಳಿದೆವು. ಕೊಡಲಿಲ್ಲ. ಸರ್ಕಾರಿ ಸಂಸ್ಥೆ ತಾನೇ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. 30 ದಿನದೊಳಗೆ ಉತ್ತರ ಕೊಡಲೇಬೇಕಲ್ಲ. ಬಂದಿದ್ದು ಒಂದೇ ಹಾಳೆಯ ಸುತ್ತೋಲೆ! ಅತಿಥಿಯ ಹೆಸರು, ವಿಷಯ, ಜವಾಬ್ದಾರಿ ಹೊರುವ ಒಬ್ಬ ಮೇಷ್ಟ್ರ ಸಹಿ, ಒಂದು ವಾರ ಮುಂಚೆ ಅರ್ಜಿ. ಇಷ್ಟೇ. ರಾಜಕೀಯ ಮಾತಾಡಬಾರದು ಅಂತ ಎಲ್ಲೂ ಇಲ್ಲ.

ಇತಿಹಾಸದ ಮೇಷ್ಟ್ರು ಸಹಿ ಹಾಕಿಕೊಟ್ಟರು. ಸಭಾಂಗಣ ಸಿಗಲಿಲ್ಲ, ಕ್ಲಾಸ್ ರೂಮೇ ಗತಿ. ಜನ ಜಾಸ್ತಿಯಾಗಿ ಕಿಟಕಿ ಹೊರಗೂ ನಿಂತಿದ್ದರು. ಅಜ್ಜ ಶುರು ಮಾಡಿದ್ದೇ ಗೇಣಿ ಭತ್ತ ಅಳೆಯುವ ಕೊಳಗದಿಂದ. ಭೂಮಾಲೀಕರ ಕೊಳಗ ದೊಡ್ಡದು, ಜಗಳ ಹತ್ತಿದ್ದು ಅಲ್ಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದನ್ನೂ ಹೇಳಿದರು. ಅವರೂ ಹೊರಗಿನ ಭಾಷಣಕಾರರೇ ಅಲ್ವಾ!

ಮುಂದಿನ ಸಲ ಅಡಿಕೆ ಎಲೆಚುಕ್ಕೆ ರೋಗದ ಬಗ್ಗೆ. ಅರ್ಜಿ ಕೊಟ್ಟಾಯಿತು. ನೀವೂ ಕೊಡುವಾಗ ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.