ಸ್ನೇರ್ ಸದ್ದಿನ ‘ನಾಯ್ಸ್’, ‘ಸ್ನ್ಯಾಪಿ’, ‘ಡಿಕೇ’: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಡ್ರಮ್ ಸದ್ದುಗಳನ್ನು ವಿದ್ಯುತ್ತಿನಿಂದ ಹುಟ್ಟಿಸುವ ಡ್ರಮ್ ಮಷೀನಿನಲ್ಲಿ ಕಿವಿಗೆ ಹಿತವಾದ ಸ್ನೇರ್ ಸದ್ದನ್ನು ಕಟ್ಟುವುದು ಹೇಗೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫಿಲ್ಟರ್ (ಕೆಲವು ಕಂಪನಗಳನ್ನಷ್ಟೇ ಸೋಸಿ ಬಿಡುವುದು), ಆಸಿಲೇಟರ್ (ಸ್ವರ ಹುಟ್ಟಿಸುವುದು) ಮುಂತಾದವನ್ನು ಹಾಗೆಯೇ ಉಳಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ. ತೊಡಕಾಗಿರುವುದು ತಲೆಬರಹದಲ್ಲಿರುವ ಮೂರು ಮಾತುಗಳು.

ನಿಜವಾದ ಸ್ನೇರ್ ಡ್ರಮ್ಮಿಗೆ ಮೇಲೊಂದು, ಕೆಳಗೊಂದು ಮುಚ್ಚಿಗೆ. ಕೆಳಗಿನದಕ್ಕೆ ತಾಗಿಕೊಂಡು ಸುರುಳಿ ತಂತಿಗಳ ಸಾಲು. ಕೋಲು ಬಿದ್ದೊಡನೆ ಮುಚ್ಚಿಗೆ ‘ಧಬ್’ ಎನ್ನುತ್ತದೆ, ತಂತಿಗಳು ‘ಛರ್’ ಎಂದು ಅದುರುತ್ತವೆ. 1980ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನು ಟಿಆರ್-808 ಇವೆರಡನ್ನೂ ಬೇರೆಬೇರೆಯಾಗಿ ಹುಟ್ಟಿಸಿ ಕೂಡಿಸುತ್ತದೆ: ಧಬ್ ಎನ್ನುವುದಕ್ಕೆ ಎರಡು ಆಸಿಲೇಟರ್, ಛರ್ ಎನ್ನುವುದಕ್ಕೆ ಫಿಲ್ಟರಿನಲ್ಲಿ ಸೋಸಿದ ನಾಯ್ಸ್.

ಈ ನಾಯ್ಸ್‌ಗೆ ‘ಗದ್ದಲ’ ಎಂದು ಬರೆಯಲು ಕೈ ಬರುತ್ತಿಲ್ಲ. ಗದ್ದಲವೆಂದರೆ ಬೇಡದ್ದು, ಇಲ್ಲಿ ಬೇಕಾಗಿರುವುದೇ ಅದು. ಅದಿಲ್ಲದಿದ್ದರೆ ಸ್ನೇರ್ ಹೋಗಿ ತಂತಿಯಿಲ್ಲದ ಬರೀ ಟಾಮ್ ಡ್ರಮ್ ಉಳಿಯುತ್ತದೆ. ‘ಸದ್ದು’ ಎಂದರೆ ಇಡೀ ಸ್ನೇರೇ ಆಯಿತು. ನನ್ನ ಒಲವು ‘ಮೊರೆತ’ದ ಕಡೆಗೆ. ಕಡಲ ಮೊರೆತದಲ್ಲಿ ಇದೇ ಸ್ವರವೆಂದು ಗುರುತಿಸುವಂಥದ್ದು ಏನೂ ಇರುವುದಿಲ್ಲ. ಎಲ್ಲ ಕಂಪನಗಳೂ ಒಟ್ಟಿಗೆ ಕಲೆತಿರುತ್ತವೆ. ಮೊರೆತ ಎಡೆಬಿಡದೆ ಸಾಗುವಂಥದ್ದು, ಸ್ನೇರ್ ಕ್ಷಣದಲ್ಲಿ ಮುಗಿಯುವಂಥದ್ದು ಎಂಬ ಆಕ್ಷೇಪ ಬರಬಹುದು. ಆದರೆ ಯಂತ್ರದೊಳಗಿನ ನಾಯ್ಸ್ ಮೂಲವೂ ಎಡೆಬಿಡದೆ ಮೊರೆಯುತ್ತಲೇ ಇರುತ್ತದೆ. ಪ್ರತಿ ಪೆಟ್ಟಿಗೂ ಅದರಿಂದ ಒಂದು ತುಣುಕನ್ನಷ್ಟೇ ಹೊರಗೆ ಬಿಡಲಾಗುತ್ತದೆ.

‘ಸ್ನ್ಯಾಪಿ’ ಎಂಬ ತಿರುಪಿಗೆ ‘ಚುರುಕು’ ಎನ್ನುವವರಿದ್ದಾರೆ. ಅದು ದಾರಿ ತಪ್ಪಿಸುತ್ತದೆ. 808ರಲ್ಲಿ ಆ ತಿರುಪನ್ನು ಏರಿಸಿದರೆ ಸದ್ದು ಗಿಡ್ಡವಾಗುವುದಿಲ್ಲ, ಮೊರೆತದ ಪಾಲು ಹೆಚ್ಚುತ್ತದೆ, ಅಷ್ಟೇ. ಹಾಗಾಗಿ ಹೆಸರನ್ನು ಬದಿಗಿಟ್ಟು ಕೆಲಸವನ್ನೇ ಹೇಳುವ ‘ಮೊರೆತದ ಪಾಲು’ ಸಾಕೆನಿಸುತ್ತದೆ. ‘ಟೋನ್’ ಎಂಬ ಇನ್ನೊಂದು ತಿರುಪಿನ ಕಥೆ ಇನ್ನೂ ಗೋಜಲು. 808ರಲ್ಲಿ ಅದು ಎರಡು ಆಸಿಲೇಟರ್‌ಗಳಲ್ಲಿ ಯಾವುದು ಮುಂದೆ ಕೇಳಬೇಕೆಂಬುದನ್ನು ತೂಗಿಸುವ ತಿರುಪು. 1983ರ ಟಿಆರ್-909ರಲ್ಲಿ ಅದೇ ಹೆಸರಿನ ತಿರುಪು ಮೊರೆತ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ಧರಿಸುತ್ತದೆ. ಇದನ್ನು ಎರಡು ಕಡೆಯೂ ‘ನಾದಗುಣ’ ಎಂದು ಅನುವಾದಿಸಿದರೆ ಓದುಗನಿಗೆ ಅನ್ಯಾಯ.

ಇನ್ನು ‘ಡಿಕೇ’, ಅಂದರೆ ಪೆಟ್ಟಿನ ನಂತರ ಕ್ರಮೇಣ ಕುಗ್ಗುವುದು. ‘ಕ್ಷಯ’ ಎಂದೊಡನೆ ಕಾಯಿಲೆಯ ನೆನಪಾಗುತ್ತದೆ. ‘ಇಳಿತ’ ಸರಳವಾಗಿದೆ, ಆದರೆ ಒಳ್ಳೆಯ ಸ್ನೇರಿನಲ್ಲಿ ಎರಡು ಇಳಿತಗಳಿರುತ್ತವೆ. ಒಂದು ಉದಾಹರಣೆ: ಆಸಿಲೇಟರನ್ನು 200 ಹರ್ಟ್ಸ್ ಆಸುಪಾಸಿನಲ್ಲಿಟ್ಟು, ಪೆಟ್ಟಿನ ಮೊದಲ 20–30 ಮಿಲಿಸೆಕೆಂಡಿನಲ್ಲಿ ಮಾತ್ರ ಶ್ರುತಿ ಮೇಲಿಂದ ಜಾರಿ ಅಲ್ಲಿಗೆ ಬರುವಂತೆ ಮಾಡಿದರೆ ಕೋಲು ತಾಗಿದ ಅನುಭವ ಬರುತ್ತದೆ. ಇದು ಶ್ರುತಿಯ ಇಳಿತ. ಮೊರೆತ ಸುಮಾರು 150 ಮಿಲಿಸೆಕೆಂಡಿನಲ್ಲಿ ಕರಗುವುದು ಸದ್ದಿನ ಗಟ್ಟಿತನದ ಇಳಿತ. ಎರಡಕ್ಕೂ ಒಂದೇ ಪದ ಬಳಸಿದರೆ ಯಾವ ತಿರುಪಿಗೆ ಕೈ ಹಾಕಬೇಕೆಂದೇ ತಿಳಿಯದು. ಕನ್ನಡದಲ್ಲಿ ಸದ್ದು ‘ಅಡಗುತ್ತದೆ’ ತಾನೆ? ಆದ್ದರಿಂದ ಡಿಕೇಗೆ ‘ಅಡಗುವ ಅವಧಿ’ ಎನ್ನೋಣ. ‘ಇಳಿತ’ ಶ್ರುತಿಗೇ ಇರಲಿ. “ಧಬ್ ಮೊದಲು ಅಡಗಲಿ, ಮೊರೆತ ತುಸು ತಡವಾಗಿ ಅಡಗಲಿ” ಎಂದು ಬರೆದರೆ ಕೇಳಿಸಿದಂತೆಯೇ ಆಗುತ್ತದೆ, ನನಗಂತೂ ಇದು ಬಹಳ ಹಿಡಿಸಿದೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ಮೊರೆತ’ವನ್ನು ಯಾರಾದರೂ ವಿಜ್ಞಾನ ಬರಹದಲ್ಲಿ ಬೇರೆ ಅರ್ಥಕ್ಕೆ ಈಗಾಗಲೇ ನಿಗದಿ ಮಾಡಿದ್ದಾರೆಯೇ? ಸ್ನೇರಿನ ತಂತಿಗೆ ತಂಬೂರಿಯ ‘ಜೀವಾಳ’ವನ್ನು ಎರವಲು ಪಡೆಯಬಹುದೇ? ತಂಬೂರಿ ತಂತಿಯ ಕೆಳಗಿನ ಆ ನೂಲೆಳೆಯೂ ನಾದಕ್ಕೆ ಝೇಂಕಾರ ಕೊಡುವಂಥದ್ದೇ. ಆದರೆ ‘ಸ್ನೇರಿನ ಜೀವಾಳ’ ಎಂದರೆ ‘ಸ್ನೇರಿನ ಸಾರ’ ಎಂದೇ ಹೆಚ್ಚಿನವರು ಓದಿಕೊಂಡಾರು ಎಂಬ ಅಳುಕಿದೆ.