ಕಾರಿನ ತಳಕ್ಕೆ ತುಕ್ಕು ತಡೆಯುವ ಪೇಂಟ್: ಹೊಡೆಸಿದರೆ ಸಾಕಾ?

ಮಲ್ಪೆ ಕಡೆಯವ:
ಮನೆ ಸಮುದ್ರಕ್ಕೆ ಹತ್ತಿರ, ಕಾರಿಗೆ 9 ವರ್ಷ. ಮೊನ್ನೆ ಮುಂದಿನ ಎಡ ಸೀಟಿನ ಮ್ಯಾಟ್ ಎತ್ತಿದರೆ ಕಾರ್ಪೆಟ್ ಒದ್ದೆ, ಅದರಡಿ ತಗಡಿನ ಪೇಂಟ್ ಹಪ್ಪಳದ ಹಾಗೆ ಉಬ್ಬಿ ಎದ್ದಿದೆ. ಕೆಳಗಿಂದ ಕಪ್ಪು ಕೋಟಿಂಗ್ ಹೊಡೆದರೆ ಸಾಕು ಅಂತಾರೆ ಗ್ಯಾರೇಜಿನವರು. ಹೌದಾ?

ಗ್ರೀಸ್ ಕೈ:
ಸಾಕಾಗಲ್ಲ ಮಾರಾಯ್ರೆ. ತುಕ್ಕಿನ ಮೇಲೇ ಬಳಿದರೆ ತೇವ ಒಳಗೆ ಸಿಕ್ಕಿಕೊಂಡು ಇನ್ನೂ ಜಾಸ್ತಿ ತಿನ್ನುತ್ತೆ. ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತೂತು ಬಿದ್ದರೆ ವೆಲ್ಡಿಂಗೇ ಗತಿ. ಗಟ್ಟಿ ಇದ್ದರೆ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ರಾಸಾಯನಿಕ), ಆಮೇಲೆ ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಅಡಿಪೇಂಟ್), ಕೊನೆಗೆ ಕೋಟಿಂಗ್.

ಹಳೇ ಡೀಸೆಲ್:
ಅದಿರಲಿ, ನೀರು ಎಲ್ಲಿಂದ ಬಂತು? ಎಸಿಯ ನೀರು ಹೊರಗೆ ಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡು ನೀರು ಒಳಗೇ ಬರ್ತಿದೆಯಾ ನೋಡಿ. ಅದು ಸರಿಯಾಗದೆ ಪೇಂಟ್ ಹೊಡೆಸೋದು ಸುಮ್ನೆ ದುಡ್ಡು ದಂಡ.

ಘಟ್ಟದ ಮೇಲಿನವ:
ಪಕ್ಕದಲ್ಲೇ ನಿಂತು ಮಾಡಿಸಿ. ನನ್ನ ಗಾಡಿಯಲ್ಲಿ ಸೈಲೆನ್ಸರಿಗೂ ಹೊಡೆದು, ಎರಡು ದಿನ ಹೊಗೆ, ಸುಟ್ಟ ಟಾರಿನ ವಾಸನೆ! ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನೂ ಮುಚ್ಚಿದ್ದರು. ಬ್ರೇಕಿಗೂ ತಾಗಬಾರದು.

ಮಲ್ಪೆ ಕಡೆಯವ:
ಡ್ರೈನ್ ಪೈಪೇ! ತಂತಿ ತೂರಿಸಿದೆ, ಒಂದು ಚೊಂಬು ನೀರು ಇಳಿಯಿತು. ಕಾರ್ಪೆಟ್ ಈಗ ಬಿಸಿಲಲ್ಲಿದೆ.